ಲೆಕ್ಕದ ಪುಸ್ತಕದಲ್ಲಿ ನಾಲ್ಕು ಸುವಾರ್ತೆ

ನಮ್ಮ ಸಭೆಯಲ್ಲಿ ಬುಧವಾರದ ಸತ್ಯವೇದ ಅಧ್ಯಯನ ನಡೆಸುವ ಹೊಣೆ ನನ್ನ ಪಾಲಿಗೆ ಬಂದಾಗ ಮೊದಲು ಕೊಂಡು ತಂದದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕ. ಎದುರುಬದುರು ಪುಟಗಳಲ್ಲಿ ನಾಲ್ಕು ಅಂಕಣ ಗೀಚಿ ಮಾರ್ಕ, ಮತ್ತಾಯ, ಲೂಕ, ಯೋಹಾನ ಎಂದು, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳ ಹೆಸರು ಬರೆದೆ. ಒಂದೇ ಪ್ರಸಂಗವನ್ನು ನಾಲ್ವರೂ ಹೇಗೆ ಹೇಳಿದ್ದಾರೆಂದು ಅಕ್ಕಪಕ್ಕ ಬರೆದುಕೊಳ್ಳುವುದಷ್ಟೇ ಕೆಲಸ. ಜರ್ಮನಿಯ ಬೈಬಲ್ ವಿದ್ವಾಂಸ ಗ್ರೀಸ್‌ಬಾಖ್ 1770ರ ದಶಕದಲ್ಲೇ ಸುವಾರ್ತೆಗಳನ್ನು ಹೀಗೆ ಜೋಡಿಸಿ ಅಚ್ಚು ಹಾಕಿಸಿದ್ದರು. ಆದರೂ ಕೈಯಾರೆ ಬರೆಯಬೇಕು ಎನ್ನುತ್ತೇನೆ. ಓದುವಾಗ ಕಣ್ಣಿಗೆ ಜಾರಿಹೋದ ಪದ ಬರೆಯುವಾಗ ಬೆರಳಿಗೆ ಸಿಗುತ್ತದೆ.

ಮೊದಲು ಆರಿಸಿಕೊಂಡದ್ದು ಯೊರ್ದನ್ ಹೊಳೆಯಲ್ಲಿ ಯೇಸುವಿಗಾದ ದೀಕ್ಷಾಸ್ನಾನ. ಚಿಕ್ಕಂದಿನಿಂದ ಕೇಳಿದ ಕಥೆ, ನನ್ನ ಮನಸ್ಸಿನಲ್ಲಿ ಅದು ಒಂದೇ ಚಿತ್ರವಾಗಿ ಕುಳಿತಿತ್ತು. ಅಂಕಣಗಳು ತುಂಬುತ್ತಾ ಹೋದಂತೆ ಚಿತ್ರ ನಾಲ್ಕಾಯಿತು. ಮಾರ್ಕನದು ನೇರ ಮಾತು: ಯೇಸು ಗಲಿಲಾಯದ ನಜರೇತಿನಿಂದ ಬಂದ, ಯೋಹಾನನಿಂದ (ಸುವಾರ್ತೆಯ ಯೋಹಾನನಲ್ಲ, ದೀಕ್ಷಾಸ್ನಾನ ಮಾಡಿಸುತ್ತಿದ್ದ ಸ್ನಾನಿಕ ಯೋಹಾನ) ಸ್ನಾನ ಮಾಡಿಸಿಕೊಂಡ. ಮತ್ತಾಯನಲ್ಲಿ ಯೋಹಾನ ತಡೆಯುತ್ತಾನೆ, ನಿನ್ನಿಂದ ನಾನು ಮಾಡಿಸಿಕೊಳ್ಳಬೇಕಲ್ಲವೇ ಎನ್ನುತ್ತಾನೆ. ಲೂಕ ಮೊದಲು ಯೋಹಾನನನ್ನು ಸೆರೆಮನೆಗೆ ಹಾಕಿದ್ದನ್ನು ಹೇಳಿ ಮುಗಿಸುತ್ತಾನೆ. ಸ್ನಾನದ ಮಾತು ಬರುವುದು ಆಮೇಲೆ, ಅದನ್ನು ಮಾಡಿಸಿದವನ ಹೆಸರೇ ಅಲ್ಲಿಲ್ಲ. ನಾಲ್ಕನೆಯ ಅಂಕಣದಲ್ಲಿ ಆತ್ಮವು ಪಾರಿವಾಳದಂತೆ ಇಳಿದದ್ದಕ್ಕೆ ಸ್ನಾನಿಕ ಯೋಹಾನನ ಸಾಕ್ಷಿಯಿದೆ, ಸ್ನಾನದ ವರ್ಣನೆ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪದ. ಯೋಹಾನನ ಸ್ನಾನವು ಪಾಪಕ್ಷಮೆಗಾಗಿ ಎಂದು ಮಾರ್ಕ ಹೇಳುತ್ತಾನೆ. ಮತ್ತಾಯನ ಮೂರನೆಯ ಅಧ್ಯಾಯದಲ್ಲಿ ಆ ಮಾತು ಸಿಗಲಿಲ್ಲ. ಹುಡುಕುತ್ತಾ ಹೋದರೆ 26ನೆಯ ಅಧ್ಯಾಯದ ಕಡೆಯ ಭೋಜನದಲ್ಲಿ, ಪಾತ್ರೆಯನ್ನು ಕೊಡುವ ಯೇಸುವಿನ ಬಾಯಲ್ಲಿ ಸಿಕ್ಕಿತು. ಆ ರಾತ್ರಿ ಬಹಳ ಹೊತ್ತು ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ.

ಮಾರ್ಕನ ಸುವಾರ್ತೆ ಸುಮಾರು ಕ್ರಿ.ಶ. 70ರ ಹೊತ್ತಿನದು, ಮತ್ತಾಯ ಮತ್ತು ಲೂಕರು ಅದನ್ನು ಮುಂದಿಟ್ಟುಕೊಂಡು ಬರೆದರು ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಹಾಗಾದರೆ ಮಾರ್ಕನ ನೇರ ಮಾತನ್ನು ಅವರಿಬ್ಬರೂ ತಿದ್ದಿದರು ಎಂದಾಯಿತು. ಈ ಸ್ನಾನ ಆದಿಸಭೆಗೆ ಪೇಚಿನ ಸಂಗತಿಯಾಗಿತ್ತು: ಕರ್ತನು ತನಗಿಂತ ಚಿಕ್ಕವನ ಮುಂದೆ ತಲೆಬಾಗಿದ್ದೇಕೆ? ಪೇಚು ತರುವ ಕಥೆಯನ್ನು ಯಾರೂ ತಾವಾಗಿ ಕಟ್ಟುವುದಿಲ್ಲ, ಆದ್ದರಿಂದ ಇದು ನಡೆದದ್ದೇ ಎಂದು ಇತಿಹಾಸಕಾರರು ವಾದಿಸುತ್ತಾರೆ. ಈ ಅಳತೆಗೋಲನ್ನು ಎಲ್ಲ ಕಡೆಯೂ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯ. ನಮಗೆ ಪೇಚೆನಿಸುವುದು ಮಾರ್ಕನಿಗೆ ಹಾಗೆ ಅನಿಸದೆಯೂ ಇರಬಹುದು. ಇಲ್ಲಿ ಅದನ್ನು ನಂಬುತ್ತೇನೆ, ಏಕೆಂದರೆ ನಂತರದವರು ಅದೇ ಜಾಗವನ್ನು ಒಬ್ಬೊಬ್ಬರೂ ಒಂದೊಂದು ರೀತಿ ತಿದ್ದಿದ ಗುರುತು ಪುಟದ ಮೇಲೆಯೇ ಕಾಣುತ್ತದೆ.

ಹೊರಗಿನ ಸಾಕ್ಷಿಯಾಗಿ ಜೊಸೀಫಸನನ್ನೂ ಓದಿಕೊಂಡೆ. ಸುಮಾರು 93ರಲ್ಲಿ ಯೆಹೂದ್ಯರ ಚರಿತ್ರೆ ಬರೆದ ಆತ, ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನು ಸ್ನಾನಿಕ ಯೋಹಾನನನ್ನು ಮಕೇರಸ್ ಕೋಟೆಯಲ್ಲಿ ಕೊಲ್ಲಿಸಿದ ಎನ್ನುತ್ತಾನೆ. ಆ ಸ್ನಾನ ಪಾಪಕ್ಷಮೆಗಲ್ಲ, ನೀತಿಯಿಂದ ಆತ್ಮ ಶುದ್ಧವಾದ ಮೇಲೆ ದೇಹದ ಶುದ್ಧಿಗೆ ಎಂಬ ವಿವರಣೆಯೂ ಅವನಲ್ಲಿದೆ. ಅದನ್ನು ಐದನೆಯ ಅಂಕಣವಾಗಿ ಸೇರಿಸಿದೆ.

ಇದನ್ನೆಲ್ಲ ಸಭೆಯಲ್ಲಿ ಹೇಳಲು ಅಂಜಿಕೆಯಿತ್ತು. ವಿವರಿಸಿ ಮುಗಿಸಿದಾಗ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, "ಮಾಸ್ತರರೇ, ಹಾಗಾದರೆ ಇವುಗಳಲ್ಲಿ ಯಾವುದು ನಿಜ?" ಎಂದು ಕೇಳಿದರು.

"ಸ್ನಾನ ನಡೆದದ್ದು ನಿಜ, ಅಜ್ಜಿ. ಅದು ಏನೆಂದು ಅರ್ಥ ಮಾಡಿಕೊಳ್ಳಲು ಒಬ್ಬೊಬ್ಬರೂ ಎಷ್ಟು ಕಷ್ಟಪಟ್ಟರೆಂಬುದೂ ನಿಜ" ಎಂದೆ. ನಾಲ್ಕನ್ನೂ ಕಲಸಿ ಒಂದು ಕಥೆ ಮಾಡಿ ಹೇಳಿದ್ದರೆ ಮತ್ತಾಯನಿಗೂ ಲೂಕನಿಗೂ ಅನ್ಯಾಯವಾಗುತ್ತಿತ್ತು. ಅವರು ಬರೆಯುವಾಗ ಪಟ್ಟ ಕಳವಳವನ್ನೇ ನಾನು ಅಳಿಸಿಹಾಕಿದಂತಾಗುತ್ತಿತ್ತು.

ಅಜ್ಜಿ ಮತ್ತೇನೂ ಹೇಳಲಿಲ್ಲ. ಮುಂದಿನ ಬುಧವಾರ ಮೊಮ್ಮಗಳ ಶಾಲೆಯ ನೋಟ್‌ಪುಸ್ತಕದಲ್ಲಿ ಎರಡು ಅಂಕಣ ಗೀಚಿಕೊಂಡು ಬಂದರು. ಒಂದು ಕಡೆ ಮಾರ್ಕ 6:5, ಇನ್ನೊಂದು ಕಡೆ ಮತ್ತಾಯ 13:58. ಸ್ವಂತ ಊರಿನಲ್ಲಿ ಯೇಸುವಿಗೆ ಮಹತ್ಕಾರ್ಯ ಮಾಡಲು ಆಗಲಿಲ್ಲ ಎಂದು ಮಾರ್ಕ, ಹೆಚ್ಚು ಮಾಡಲಿಲ್ಲ ಎಂದು ಮತ್ತಾಯ. ಎರಡರ ನಡುವೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು.