ಗೌಜಲ ಮರಿಗಳನ್ನು ಕೊಂದಿದ್ದು ಯಾರು? ನಾನು ಗುರುತು ಹಿಡಿಯುವ ರೀತಿ

ನಾನು ಜಪಾನಿ ಗೌಜಲ ಸಾಕುವುದು ಮಲೆನಾಡಿನ ಅಡಿಕೆ ತೋಟದ ಅಂಚಿನಲ್ಲಿ. ಜೊತೆಗೆ ಒಂದಿಷ್ಟು ಗಿನಿಕೋಳಿಯೂ ಇವೆ. ಇಲ್ಲಿ ತೋಟದ ಬೇಲಿ ಮುಗಿದರೆ ಕಾಡು. ಹಾಗಾಗಿ ಮರಿಗಳ ಮೇಲೆ ಕಣ್ಣಿಟ್ಟವರು ಬಹಳ. ಆದರೆ ಮರಿ ಸತ್ತ ಕೂಡಲೇ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು, "ಕೀರ ಬಂದಿತ್ತು." ಕೀರ ಅಂದರೆ ಮುಂಗುಸಿ. ಅದರ ಹಿಂದೆಯೇ ಉರುಳು ಹಾಕು, ವಿಷ ಇಡು ಅನ್ನುವ ಸಲಹೆ. ನಾನು ಎರಡಕ್ಕೂ ಒಪ್ಪುವುದಿಲ್ಲ. ಬಂದವರು ಯಾರು ಅಂತ ಗೊತ್ತಿಲ್ಲದೆ ಏನು ಮಾಡಿದರೂ ದಂಡ. ಹಾವು ನುಗ್ಗುವ ಸಂದಿ ಬೇರೆ, ಹೆಗ್ಗಣ ಕೊರೆಯುವ ಬಿಲ ಬೇರೆ, ಮಾಡಿನಿಂದ ಇಳಿಯುವ ಮರಬೆಕ್ಕಿನ ದಾರಿ ಬೇರೆ.

ಮರಿ ಸತ್ತಿದ್ದು ಕಂಡರೆ ಮೊದಲು ಏನನ್ನೂ ಎತ್ತುವುದಿಲ್ಲ, ಗುಡಿಸುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು, ಉಳಿದ ಮರಿಗಳನ್ನು ಎಣಿಸುತ್ತೇನೆ. ಸತ್ತಿದ್ದೆಷ್ಟು, ಕಾಣೆಯಾಗಿದ್ದೆಷ್ಟು ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಯಾವ ಪ್ರಾಣಿಯೂ ಬಾರದೆ ಮರಿ ಸಾಯುವುದೂ ಉಂಟು. ಆಗಷ್ಟೇ ಮೊಟ್ಟೆಯೊಡೆದ ಗೌಜಲ ಮರಿ ತೂಗುವುದು ಏಳೆಂಟು ಗ್ರಾಂ ಮಾತ್ರ. ರಾತ್ರಿ ಕರೆಂಟು ಹೋಗಿ ಬಲ್ಬು ಆರಿದರೆ ಚಳಿಗೆ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು, ಅಡಿಯಲ್ಲಿದ್ದವು ಉಸಿರು ಕಟ್ಟಿ ಸಾಯುತ್ತವೆ. ಅವು ಚಪ್ಪಟೆಯಾಗಿರುತ್ತವೆ, ಒದ್ದೆಯಾಗಿರುತ್ತವೆ, ಗಾಯ ಇರುವುದಿಲ್ಲ. ಇನ್ನು ಜಾಗ ಇಕ್ಕಟ್ಟಾದರೆ ಮರಿಗಳೇ ಒಂದನ್ನೊಂದು ಕುಕ್ಕುತ್ತವೆ. ಆಗ ಗಾಯ ಕಾಣುವುದು ಬಾಲದ ಬುಡದಲ್ಲಿ, ಗುದದ್ವಾರದ ಸುತ್ತ, ಇಲ್ಲವೇ ನೆತ್ತಿಯ ಮೇಲೆ. ಕರುಳು ಹೊರಬಂದ ಮರಿ ನೋಡಿದರೆ ಯಾರಿಗಾದರೂ ಕಾಡುಪ್ರಾಣಿಯ ಕೆಲಸ ಅನ್ನಿಸುತ್ತದೆ, ಅಲ್ವಾ? ಉಳಿದ ಮರಿಗಳ ಕೊಕ್ಕಿನಲ್ಲಿ ರಕ್ತ ಅಂಟಿದೆಯಾ ಅಂತ ನೋಡಿ.

ರಕ್ತ ಇಲ್ಲ, ಪುಕ್ಕ ಇಲ್ಲ, ಸುಮ್ನೆ ಲೆಕ್ಕ ಕಡಿಮೆಯಾಗಿದ್ದರೆ ನನ್ನ ಮೊದಲ ಅನುಮಾನ ಹಾವಿನ ಮೇಲೆ, ಅದರಲ್ಲೂ ಕೇರೆಯ ಮೇಲೆ. ಅದು ಮರಿಯನ್ನು ಇಡಿಯಾಗಿ ನುಂಗುತ್ತದೆ. ಹೊಟ್ಟೆ ಉಬ್ಬಿ, ಬಂದ ಸಂದಿಯಲ್ಲೇ ವಾಪಸ್ ಹೋಗಲಾಗದೆ ಗೂಡಿನೊಳಗೇ ಉಳಿಯುವುದೂ ಇದೆ. ಹಾಗಾಗಿ ನೆಲಕ್ಕೆ ಹಾಸಿದ ಹೊಟ್ಟಿನ ಮೂಲೆಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು, ಕೋಲಿನಲ್ಲಿ ಕೆದಕಿ ನೋಡುತ್ತೇನೆ. ಒಳಗಿರುವುದು ನಾಗರವೂ ಆಗಿರಬಹುದು. ದೊಡ್ಡ ಮರಿಯನ್ನು ನುಂಗಲಾಗದೆ ಬಿಟ್ಟಿದ್ದರೆ ಅದರ ತಲೆ, ಕತ್ತಿನ ಪುಕ್ಕ ಲೋಳೆ ಹತ್ತಿ ಮೈಗೆ ಅಂಟಿಕೊಂಡಿರುತ್ತದೆ.

ಇಲಿ, ಹೆಗ್ಗಣಗಳೂ ಮರಿಯನ್ನು ಎಳೆದೊಯ್ಯುತ್ತವೆ, ಆದರೆ ಗುರುತು ಬಿಡುತ್ತವೆ. ಕಾಲು, ತಲೆ ಕಡಿದ ಮರಿ ಗೋಡೆಯ ಸಂದಿಯಲ್ಲಿ ತುರುಕಿರುತ್ತದೆ. ಹೊರಗೆ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣವೇ. ಎಳೆ ಮರಿಗಳ ವಿಷಯದಲ್ಲಿ ಕೀರ, ಬೆಕ್ಕಿಗಿಂತ ನನಗೆ ಇವುಗಳ ಭಯ ಜಾಸ್ತಿ. ದಾಣಿ ಚೆಲ್ಲಿದ ಕಡೆ ಇವು ಬಂದೇ ಬರುತ್ತವೆ. ಇಲಿಯ ವಾಸನೆ ಹಿಡಿದು ಹಾವೂ ಬರುತ್ತದೆ.

ಇನ್ನು ಕೀರದ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಬೂದು ಕೀರ ಹಗಲು ಓಡಾಡುವ ಪ್ರಾಣಿ. ಪಶ್ಚಿಮ ಘಟ್ಟದ ದಟ್ಟ ಕಾಡಿನ ಕಂದು ಕೀರ ರಾತ್ರಿ ತಿರುಗುತ್ತದೆ ನಿಜ, ಆದರೆ ಅದು ಕಣ್ಣಿಗೆ ಬೀಳುವುದೇ ಅಪರೂಪ. ರಾತ್ರಿ ಬಾಗಿಲು ಹಾಕುವಾಗ ಚೆನ್ನಾಗಿದ್ದ ಹಕ್ಕಿ ಬೆಳಕು ಹರಿಯುವ ಮೊದಲೇ ಸತ್ತಿದ್ದರೆ, ನಾನು ಕೀರವನ್ನು ಬಿಟ್ಟು ಪುನುಗುಬೆಕ್ಕು, ಮರಬೆಕ್ಕು, ಕಾಡುಬೆಕ್ಕುಗಳ ಗುರುತು ಹುಡುಕುತ್ತೇನೆ. ಮರಬೆಕ್ಕು ಬಂದಿದ್ದರೆ ಹತ್ತಿರದ ಕಲ್ಲಿನ ಮೇಲೋ ಮಾಡಿನ ಮೇಲೋ ಕಾಫಿ ಬೀಜ, ಬೈನೆ ಬೀಜ ತುಂಬಿದ ಹಿಕ್ಕೆ ಸಿಗುತ್ತದೆ. ಕಾಡುಬೆಕ್ಕು ಸಾಮಾನ್ಯವಾಗಿ ಒಂದು ಹಕ್ಕಿಯನ್ನು ಕಚ್ಚಿಕೊಂಡು ಹೋಗಿ ಪೊದೆಯ ಮರೆಯಲ್ಲಿ ತಿನ್ನುತ್ತದೆ. ಬಲೆ ಹರಿದು, ಹತ್ತಾರು ಹಕ್ಕಿ ಜಜ್ಜಿ ಹೋಗಿ, ಒಂದನ್ನೂ ತಿಂದಿಲ್ಲ ಅಂದರೆ ಅದು ಹೆಚ್ಚಾಗಿ ನಾಯಿಯ ಕೆಲಸ.

ಅನುಮಾನ ಉಳಿದರೆ ಸತ್ತ ಹಕ್ಕಿಯ ಚರ್ಮ ಸುಲಿದು ನೋಡುತ್ತೇನೆ. ಕೈಗೆ ಗ್ಲೌಸ್ ಬೇಕೇ ಬೇಕು. ಪುಕ್ಕವನ್ನು ನೀರಿನಲ್ಲಿ ತೋಯಿಸಿ, ಎದೆಯ ಮೇಲೆ ಬ್ಲೇಡಿನಿಂದ ಸೀಳಿ, ಚರ್ಮವನ್ನು ಅಂಗಿ ಕಳಚಿದ ಹಾಗೆ ಕತ್ತಿನ ಕಡೆಗೆ ಎಳೆಯುತ್ತೇನೆ. ಹೊರಗಿನಿಂದ ಏನೂ ಕಾಣದ ಕತ್ತಿನಲ್ಲಿ ಆಗ ಎರಡು ಚಿಕ್ಕ ತೂತು, ಸುತ್ತ ಹೆಪ್ಪುಗಟ್ಟಿದ ಕಪ್ಪು ಕೆಂಪು ರಕ್ತ ಕಾಣುತ್ತದೆ. ರಕ್ತ ಹೆಪ್ಪುಗಟ್ಟಿದೆ ಅಂದರೆ ಹಕ್ಕಿ ಜೀವ ಇದ್ದಾಗಲೇ ಕಚ್ಚಿಸಿಕೊಂಡಿದೆ. ಹಲ್ಲಿನ ತೂತು ಇದ್ದು ರಕ್ತದ ಕಲೆಯೇ ಇಲ್ಲದಿದ್ದರೆ ಹಕ್ಕಿ ಮೊದಲೇ ಸತ್ತಿತ್ತು, ತಿಂದವರು ಆಮೇಲೆ ಬಂದವರು. ಕೋರೆಹಲ್ಲಿನ ತೂತುಗಳ ನಡುವೆ ಎರಡು ಬೆರಳಿನಷ್ಟು ಅಂತರ ಇದ್ದರೆ ನಾಯಿ. ಕೀರದ್ದು ಒಂದು ಬೆರಳಿನ ಅಗಲವೂ ಇರುವುದಿಲ್ಲ. ಆದರೆ ಗಾಯವೇ ಇಲ್ಲದೆ ಒಮ್ಮೆಗೇ ಬಹಳ ಹಕ್ಕಿ ಸತ್ತರೆ ದಯವಿಟ್ಟು ಕೊಯ್ಯಬೇಡಿ. ಹಕ್ಕಿಜ್ವರದಂಥ ರೋಗ ಇರಬಹುದು. ಮೊದಲು ಪಶುವೈದ್ಯರಿಗೆ ತಿಳಿಸಿ.

ಗರಿಗಳೂ ಸುಳಿವು ಕೊಡುತ್ತವೆ. ಗಿಡುಗ ಕಿತ್ತ ಗರಿಯ ಬುಡ ಇಡಿಯಾಗಿರುತ್ತದೆ, ಗರಿಗಳೆಲ್ಲ ಒಂದೇ ಕಡೆ ಹರಡಿ ಬಿದ್ದಿರುತ್ತವೆ. ಹಲ್ಲಿರುವ ಪ್ರಾಣಿಯಾದರೆ ಗರಿ ನಡುವೆಯೇ ಕಡಿದು, ಜೊಲ್ಲಿಗೆ ಅಂಟಿ ಮುದ್ದೆಯಾಗಿರುತ್ತದೆ. ಹೊರಗೆ ಬಿಟ್ಟ ಗಿನಿಕೋಳಿ ಮರಿಗಳಿಗೆ ಕಾಗೆ, ಕೆಂಬೂತಗಳ ಕಾಟವೂ ಇದೆ.

ಕೊನೆಯ ಸಾಕ್ಷಿ ಒಲೆಯ ಬೂದಿ. ಸಂಜೆ ಜರಡಿ ಹಿಡಿದು ಗೂಡಿನ ಸುತ್ತ ತೆಳ್ಳಗೆ ಹರಡುತ್ತೇನೆ. ಬೆಕ್ಕಿನ ಜಾತಿಯದಾದರೆ ದುಂಡಗಿನ ಹೆಜ್ಜೆ, ನಾಲ್ಕು ಬೆರಳು, ಉಗುರು ಕಾಣುವುದಿಲ್ಲ. ನಾಯಿಗೆ ಉಗುರು ಕಾಣುತ್ತದೆ. ಮರಬೆಕ್ಕಿಗೆ ಐದು ಬೆರಳು. ಹಾವಿನದು ಬರೀ ಗೆರೆ. ಬಾಲ ಎಳೆದ ಗೆರೆಯ ಎರಡೂ ಕಡೆ ಉಗುರಿನ ಹೆಜ್ಜೆ ಇದ್ದರೆ ಉಡ.

ಯಾರು ಅಂತ ಗೊತ್ತಾದ ಮೇಲೆ ಕೆಲಸ ಸುಲಭ. ಕೀರ, ಪುನುಗುಬೆಕ್ಕು, ಉಡ, ಕೇರೆ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಕೊಲ್ಲುವುದು ಅಪರಾಧ, ಕೊಲ್ಲುವ ಅಗತ್ಯವೂ ಇಲ್ಲ. ಆರು ಮೂಲೆಯ ಕಣ್ಣಿನ ಕೋಳಿ ಬಲೆಯನ್ನು ನಾಯಿ ಹರಿಯುತ್ತದೆ, ಆ ಬಲೆಯ ಕಣ್ಣಿನಲ್ಲಿ ಇಲಿ ನುಗ್ಗುತ್ತದೆ. ಹಾಗಾಗಿ ಗೂಡಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿದ್ದೇನೆ. ಎಳೆ ಮರಿಗಳಿರುವ ಕಡೆ ಕೆಳಗಿನ ಒಂದು ಅಡಿಗೆ ಕಾಲು ಇಂಚಿನದು. ಬುಡದಲ್ಲಿ ಮೆಶ್ಶನ್ನು ಒಂದು ಅಡಿ ಮಣ್ಣಿಗಿಳಿಸಿ, ತುದಿಯನ್ನು ಹೊರಗಡೆಗೆ ಬಗ್ಗಿಸಿದ್ದೇನೆ. ತೋಡಲು ಬಂದದ್ದು ಅಲ್ಲಿಗೆ ತಾಗಿ ನಿಲ್ಲುತ್ತದೆ. ಮಾಡಿನ ಮೇಲೆ ಬಾಗಿದ್ದ ಹಲಸಿನ ಕೊಂಬೆಯನ್ನೂ ಕಡಿಸಿದ್ದೇನೆ. ಮರಬೆಕ್ಕು ಇಳಿಯುತ್ತಿದ್ದುದು ಅದರಿಂದಲೇ.