ಪದ್ಯವನ್ನೇ ನಕ್ಷೆ ಮಾಡಿಕೊಂಡು ಕಟ್ಟಿದ ಯಾಳ್

ತಮಿಳರ ಪ್ರಾಚೀನ ತಂತಿವಾದ್ಯವಾದ ಯಾಳ್ ಮಾಡಹೊರಟವರಿಗೆ ಎದುರಿಗಿಟ್ಟು ನೋಡಲು ಆ ಕಾಲದ ವಾದ್ಯ ಒಂದೂ ಸಿಗುವುದಿಲ್ಲ. ನಾನು ಹಿಡಿದದ್ದು ತಮಿಳಿನ ಅತಿ ಹಳೆಯ ಸಾಹಿತ್ಯದ ಕಾಲವಾದ ಸಂಗಂ ಕಾಲದ ‘ಪೊರುನರಾಟ್ರುಪ್ಪಡೈ’ ಪದ್ಯವನ್ನು. ಕರಿಕಾಲ ಚೋಳನನ್ನು ಹೊಗಳುವ ಆ ಪದ್ಯದ ಮೊದಲಲ್ಲೇ ಯಾಳಿನ ವರ್ಣನೆಯಿದೆ: ಒಡಲು ಜಿಂಕೆಯ ಗೊರಸಿನ ಗುರುತು, ಚರ್ಮಕ್ಕೆ ದೀಪದ ಉರಿಯ ಬಣ್ಣ, ಆಣಿಗಳು ಬಿಲದೊಳಗಿನ ಏಡಿಯ ಕಣ್ಣು, ಕತ್ತು ತಲೆಯೆತ್ತಿದ ಹಾವು. ಕವಿಗೆ ಬಡಗಿಯ ಕಣ್ಣಿತ್ತು. ಅಳತೆ ಮಾತ್ರ ಒಂದನ್ನೂ ಹೇಳಿಲ್ಲ.

ಅಳತೆಗಾಗಿ ಬರ್ಮಾದ ಸೌಂಗ್ ನೋಡಿದೆ. ಬಿಲ್ಲಿನಂತೆ ಬಾಗಿದ ಕತ್ತಿನ ಈ ಬಗೆಯ ವಾದ್ಯ ಅಲ್ಲಿ ಇಂದಿಗೂ ಬಳಕೆಯಲ್ಲಿದೆ. ವೀಣೆಗೆ ಬಳಸುವ ಹಲಸನ್ನೇ ದೋಣಿಯಂತೆ ಕೊರೆದು, ನೆನೆಸಿದ ಆಡಿನ ಚರ್ಮ ಎಳೆದು ಹೊದಿಸಿದೆ. ಚರ್ಮದ ಅಡಿಯಲ್ಲಿ ನಡುವೆ ಒಂದು ಮರದ ಪಟ್ಟಿ. ತಂತಿಗಳ ಗಂಟು ಅದಕ್ಕೇ. ಕತ್ತಿಗೆ ಹುಟ್ಟಾ ಬಾಗಿದ ಕೊಂಬೆಯನ್ನೇ ಹುಡುಕಬೇಕು. ನೇರ ಹಲಗೆಯಲ್ಲಿ ಬಾಗು ಕೆತ್ತಿದರೆ ಮರದ ಎಳೆ ಅಡ್ಡ ತುಂಡಾಗಿ, ತಂತಿ ಬಿಗಿದಾಗ ಅಲ್ಲೇ ಸೀಳು ಬಿಡುತ್ತದೆ.

ಏಳು ತಂತಿಯ ಶೀರಿ ಯಾಳಿನ ಲೆಕ್ಕ ಹಿಡಿದೆ. ತಂತಿ ಬಿಗಿಯಲು ತಿರುಗಿಸುವ ಬಿರಡೆ ಇಲ್ಲ, ಕತ್ತಿಗೆ ಸುತ್ತಿದ ವಾರುಗಳನ್ನು ಮೇಲೆ ಕೆಳಗೆ ಜಾರಿಸಿ ಶ್ರುತಿ ಮಾಡಬೇಕು. ಕತ್ತಿಗೆ ಆಸರೆಯಿಲ್ಲದ ಕಾರಣ ಒಂದು ತಂತಿ ಬಿಗಿದರೆ ಕತ್ತು ಕೂದಲೆಳೆಯಷ್ಟು ಬಾಗಿ ಉಳಿದವೆಲ್ಲ ಸಡಿಲವಾಗುತ್ತವೆ. ಸಿಟ್ಟು ಬರುತ್ತದೆ, ಸುತ್ತು ಸುತ್ತಾಗಿ ಸರಿಪಡಿಸುವುದೊಂದೇ ದಾರಿ. ಮಳೆಗಾಲದಲ್ಲಿ ಚರ್ಮವೂ ಸೇರಿಕೊಂಡು ಸತಾಯಿಸುತ್ತದೆ.

ವೀಣೆ ಕಲಿತ ಕೈಗೆ ನಿಜವಾದ ಇಕ್ಕಟ್ಟು ನುಡಿಸುವಾಗಲೇ. ಮೆಟ್ಟಿಲಿಲ್ಲ, ಒಂದು ತಂತಿಗೆ ಒಂದೇ ಸ್ವರ. ಏಳನೆಯ ಶತಮಾನದ ಶೈವ ಸಂತ ತಿರುಜ್ಞಾನಸಂಬಂಧರು ಧರ್ಮಪುರಂನಲ್ಲಿ ಹಾಡಿದ ಪದಿಗಂ, ಅಂದರೆ ಭಕ್ತಿಗೀತೆ, ಯಾಳಿಗೆ ಒಗ್ಗದೆ, ಜೊತೆಯ ತಿರುನೀಲಕಂಠ ಯಾಳ್ಪಾಣರು ವಾದ್ಯವನ್ನೇ ಒಡೆಯಲು ಎತ್ತಿದರು, ಸಂಬಂಧರು ತಡೆದರು ಎಂಬ ಕಥೆಯಿದೆ. ಆ ಪದಿಗಂಗೆ ‘ಯಾಳ್ಮುರಿ’ ಎಂದೇ ಹೆಸರು, ಈಗ ಅಠಾಣ ರಾಗದಲ್ಲಿ ಹಾಡುತ್ತಾರೆ. ನಾನೂ ನುಡಿಸಿ ನೋಡಿದೆ. ಅಠಾಣದ ಗಾಂಧಾರ, ನಿಷಾದಗಳು ಓಲಾಡಬೇಕು. ಇಲ್ಲಿ ಅವು ಇಟ್ಟಲ್ಲೇ ನಿಲ್ಲುತ್ತವೆ. ಕತ್ತಿನ ಬಳಿ ಹೆಬ್ಬೆರಳಿಂದ ತಂತಿ ಒತ್ತಿದರೆ ಸ್ವರ ತುಸು ಏರುತ್ತದೆ, ಅದನ್ನು ಸ್ವರ ಓಲಾಡಿಸುವ ಗಮಕವೆನ್ನಲಾಗದು. ಪಾಣರ ಸಿಟ್ಟು ನನಗೆ ಅರ್ಥವಾಗುತ್ತದೆ.

ಮೋಹನ ರಾಗಕ್ಕೆ ಶ್ರುತಿ ಮಾಡಿದರೆ ಸಂಗತಿಯೇ ಬೇರೆ. ಐದು ಸ್ವರಕ್ಕೆ ಐದು ತಂತಿ, ಉಳಿದೆರಡು ಮೇಲಿನ ಷಡ್ಜ, ರಿಷಭಕ್ಕೆ. ಮೀಟಿದ ಸ್ವರ ನಿಲ್ಲುವ ಮೊದಲೇ ಮುಂದಿನದು ಸೇರಿಕೊಂಡು, ವೀಣೆಯಲ್ಲಿ ನಾನೆಂದೂ ಕೇಳದ ಒಂದು ಗುಂಗು ಏಳುತ್ತದೆ. ಈಗ ನನ್ನ ಯಾಳ್ ಮೋಹನದಲ್ಲೇ ಇರುತ್ತದೆ. ಬೇರೆ ರಾಗ ಕೇಳಿದವರಿಗೆ ವೀಣೆ ತೆಗೆಯುತ್ತೇನೆ.