ಬೆಲ್ಲದ ಸೀಮೆಯಲ್ಲಿ ಸಿಹಿ ಮುಟ್ಟದ ಹುಡುಗ

ರಕ್ತ ತೆಗೆದ ಮೇಲೆ ಮಕ್ಕಳ ಕೈಗೆ ಒಂದು ಪೆಪ್ಪರ್‌ಮಿಂಟ್ ಕೊಡುವುದು ನನ್ನ ಹಳೇ ಚಾಳಿ. ಅವತ್ತೂ ಸುಮ್ನೆ ಜೇಬಿಗೆ ಕೈ ಹಾಕಿದೆ. ಹುಡುಗ ಗೋಡೆಗೆ ಒರಗಿ ಎರಡೂ ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. "ಬ್ಯಾಡ್ರಿ ಸರ, ಅಂವಗ ಸಿಹಿ ಆಗಿಬರೂದಿಲ್ಲ" ಅಂದರು ತಾಯಿ. ಆ ಕಾಯಿಲೆಯ ಅಧ್ಯಯನಕ್ಕೇ ಕರೆಸಿದವನು ನಾನು! ತಲೆ ತಗ್ಗಿಸಿದೆ.

ಹಣ್ಣು, ಸಕ್ಕರೆಯಲ್ಲಿರುವ ಫ್ರಕ್ಟೋಸ್ ಎಂಬ ಸಿಹಿ ಆಗಿಬರದ ಈ ಕಾಯಿಲೆಯನ್ನು ವೈದ್ಯರು ಮೊದಲು ಬರೆದಿಟ್ಟದ್ದು 1956ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರಷ್ಟೇ ಮಗುವಿಗೆ ಬರುತ್ತದೆ. ನಮ್ಮ ಬಾಗಲಕೋಟೆ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇದೆಯಲ್ಲ, ಒಂದೇ ಮನೆತನದ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ನಾನು ಮೊದಲು ಕೇಳುವುದು ತಂದೆ ತಾಯಿಯ ಸಂಬಂಧವನ್ನೇ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲದ ಕಥೆಯೂ ಅದೇ. ಇವರ ಲಿವರ್‌ನಲ್ಲಿ ಫ್ರಕ್ಟೋಸನ್ನು ಒಡೆಯಲು ಬೇಕಾದ ಆಲ್ಡೋಲೇಸ್ ಬಿ ಎಂಬ ಕಿಣ್ವ ಕೆಲಸ ಮಾಡುವುದಿಲ್ಲ. ಒಳಗೆ ಹೋದ ಫ್ರಕ್ಟೋಸ್ ಫಾಸ್ಫೇಟನ್ನು ಹಿಡಿದುಕೊಂಡು ಅಲ್ಲೇ ಕೂತುಬಿಡುತ್ತದೆ. ಲಿವರ್‌ಗೆ ಕೆಲಸಕ್ಕೆ ಶಕ್ತಿ ಕೊಡುವ ಎಟಿಪಿ ಸಾಲದು, ಯೂರಿಕ್ ಆಸಿಡ್ ಏರುತ್ತದೆ. ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿದ್ದರೂ ಒಡೆಯಲಾಗದೆ ರಕ್ತದ ಗ್ಲೂಕೋಸ್ ಇಳಿಯುತ್ತದೆ. ಸಿಹಿ ತಿಂದದ್ದಕ್ಕೆ ಸಕ್ಕರೆ ಇಳಿಯುವುದು, ವಿಚಿತ್ರ ಅಲ್ವಾ?

ಹಿಂದೆ ನರಕ್ಕೆ ಫ್ರಕ್ಟೋಸ್ ಕೊಟ್ಟು ಪರೀಕ್ಷೆ ಮಾಡುತ್ತಿದ್ದರು. ಅಪಾಯದ ಕೆಲಸ. ನಾವು ಜೀನ್ ಪರೀಕ್ಷೆಯಲ್ಲೇ ಖಚಿತ ಮಾಡಿಕೊಂಡೆವು. ಆಮೇಲೆ ಬೆಳಗ್ಗೆ ಖಾಲಿ ಹೊಟ್ಟೆಯ ರಕ್ತ, ಲಿವರ್‌ನ ಸ್ಕ್ಯಾನ್. ಅಷ್ಟರಲ್ಲಿ ಮುಗಿಯಿತು ಅಂದುಕೊಂಡಿದ್ದೆ.

ಸ್ಕ್ಯಾನ್‌ನಲ್ಲಿ ಕೊಬ್ಬು ಕಂಡಿತು. ಕರದಂಟು, ಹೋಳಿಗೆ ಯಾವುದನ್ನೂ ಮುಟ್ಟದ, ಒಂದು ಹಲ್ಲೂ ಹುಳುಕಾಗದ ಹುಡುಗನಿಗೆ ಫ್ಯಾಟಿ ಲಿವರ್! ಮೂರು ದಿನದ ಊಟ ಬರೆದು ತನ್ನಿ ಅಂದೆ. ಬಂದ ಹಾಳೆಯಲ್ಲಿ ರೊಟ್ಟಿ, ಅನ್ನ, ಹಾಲು, ಪಲ್ಯೆ. ಚೊಕ್ಕಟ. ಅನುಮಾನ ಬಂದು ಮುಧೋಳದ ಹತ್ತಿರದ ಅವರ ಮನೆಗೇ ಹೋದೆ. ಅಜ್ಜಿ ಎಣಗಾಯಿ ಒಗ್ಗರಣೆಗೆ ಹಾಕಿ, ಡಬ್ಬಿಯಿಂದ ಗೋಲಿಯಷ್ಟು ಬೆಲ್ಲ ತೆಗೆದು ಹಾಕಿದರು. "ಅಜ್ಜಿ, ಇದೇನ್ರಿ?" ಅಂದೆ. "ಇದು ರುಚಿಗೆರೀ, ಸಿಹಿಗಲ್ಲ!" ಸುತ್ತಲೂ ಕಬ್ಬು, ಬೆಲ್ಲವಿಲ್ಲದ ಅಡುಗೆ ಅವರಿಗೆ ಅಡುಗೆಯೇ ಅಲ್ಲ. ಕಪಾಟಿನಲ್ಲಿ ಕೆಮ್ಮಿನ ಸಿರಪ್ ಬೇರೆ. ಅದರಲ್ಲಿ ಸಿಹಿಗೆ ಹಾಕುವ ಸಾರ್ಬಿಟಾಲ್, ಅದೂ ಲಿವರ್‌ನಲ್ಲಿ ಫ್ರಕ್ಟೋಸೇ ಆಗುತ್ತದೆ. ಇವೆರಡನ್ನೂ ಬಿಡಿಸಿದರೆ ಕೊಬ್ಬು ಪೂರ್ತಿ ಹೋದೀತು ಎಂಬ ಭರವಸೆ ನನಗಿಲ್ಲ. ಗ್ಲೂಕೋಸ್‌ನಿಂದ ದೇಹವೇ ಒಂದಿಷ್ಟು ಫ್ರಕ್ಟೋಸ್ ಮಾಡಿಕೊಳ್ಳುತ್ತದೆ.

ಹಣ್ಣು ಇಲ್ಲದ ಮೇಲೆ ವಿಟಮಿನ್ ಸಿ ಮಾತ್ರೆ ಬೇಕು. ಅಂಗಡಿಯಲ್ಲಿ ಮೊದಲು ಕೊಟ್ಟದ್ದು ಕಿತ್ತಳೆ ರುಚಿಯ ಚೀಪುವ ಮಾತ್ರೆ, ಅದರಲ್ಲೂ ಸಕ್ಕರೆ. ನವನಗರದಲ್ಲಿ ನಾಲ್ಕು ಔಷಧಿ ಅಂಗಡಿ ಅಲೆದ ಮೇಲೆ ನುಂಗುವ ಸಾದಾ ಮಾತ್ರೆ ಸಿಕ್ಕಿತು. ಹುಡುಗ ಅದನ್ನು ನಾಲಿಗೆ ತುದಿಗೆ ಮುಟ್ಟಿಸಿ ನೋಡಿಯೇ ನುಂಗಿದ.